ಗಾಳಿಗೆ ತಕ್ಕ ದಡ: ಷಿಕಾಗೊದಲ್ಲಿ ವಿಂಡ್‌ಸರ್ಫಿಂಗ್‌ಗೆ ಜಾಗ ಹುಡುಕುವ ಬಗೆ

ಸರೋವರದ ದಂಡೆಯ ಊರಿನಲ್ಲಿ ವಿಂಡ್‌ಸರ್ಫಿಂಗ್‌ಗೆ ಒಳ್ಳೆಯ ಜಾಗ ಯಾವುದು ಎಂಬುದನ್ನು ಆಯಾ ದಿನದ ಗಾಳಿಯ ದಿಕ್ಕು ನಿರ್ಧರಿಸುತ್ತದೆ. ಬೆಳಗ್ಗೆ ಸೊಗಸಾಗಿದ್ದ ದಡ ಮಧ್ಯಾಹ್ನ ಗಾಳಿ ತಿರುಗಿದೊಡನೆ ಕೆಲಸಕ್ಕೆ ಬಾರದಂತಾಗಬಹುದು, ಅಪಾಯಕ್ಕೂ ದೂಡಬಹುದು. ಹೀಗಾಗಿ ಹೊಸ ಊರಿಗೆ ಬಂದ ವಿಂಡ್‌ಸರ್ಫರ್ ಬೇರೆ ಬೇರೆ ಗಾಳಿಗೆ ಹೊಂದುವ ನಾಲ್ಕೈದು ದಡಗಳನ್ನಾದರೂ ಗುರುತಿಸಿಕೊಳ್ಳಬೇಕು. ಇದನ್ನು ಅರಿಯಲು ಅಮೆರಿಕದ ಷಿಕಾಗೊ ಒಳ್ಳೆಯ ಉದಾಹರಣೆ. ಕೆಲಸಕ್ಕೆ, ಓದಿಗೆಂದು ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರು ಬಹಳ. ಎ.ಕೆ. ರಾಮಾನುಜನ್ ದಶಕಗಳ ಕಾಲ ಪಾಠ ಹೇಳಿದ ಷಿಕಾಗೊ ವಿಶ್ವವಿದ್ಯಾಲಯದಿಂದ ಸರೋವರದ ದಡಕ್ಕೆ ನಡೆದೇ ಹೋಗಬಹುದು.

ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟವೇ ವಿಂಡ್‌ಸರ್ಫಿಂಗ್. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವಿನ್ಯಾಸದಿಂದ ಅದು ಲೋಕಪ್ರಿಯವಾಯಿತು. 1984ರಲ್ಲಿ ಒಲಿಂಪಿಕ್ಸ್‌ಗೂ ಸೇರಿತು. ಈ ಹಲಗೆಗೆ ಚುಕ್ಕಾಣಿ ಇಲ್ಲ. ಹಾಯಿಯ ಕಂಬವನ್ನು ಎಲ್ಲ ಕಡೆಗೂ ಬಾಗುವ ಕೀಲಿನಿಂದ ಹಲಗೆಗೆ ಜೋಡಿಸಿರುತ್ತಾರೆ. ಸವಾರ ಬೂಮ್ ಎಂಬ ಅಡ್ಡ ಹಿಡಿಯನ್ನು ಹಿಡಿದು ಹಾಯಿಯನ್ನು ಹಿಂದಕ್ಕೆ ಮುಂದಕ್ಕೆ ವಾಲಿಸುತ್ತ ದಿಕ್ಕು ಬದಲಿಸುತ್ತಾನೆ. ಮೋಟಾರ್ ಇಲ್ಲ, ಹುಟ್ಟೂ ಇಲ್ಲ. ಹೊರಟ ದಡಕ್ಕೆ ಮರಳಿ ಬರುವುದು ಗಾಳಿಯನ್ನೇ ನೆಚ್ಚಿರುವ ಕಾರಣ ಜಾಗದ ಆಯ್ಕೆಗೆ ಈ ಆಟದಲ್ಲಿ ಇಷ್ಟು ಮಹತ್ವ.

ಮಿಷಿಗನ್ ಸರೋವರದ ನೈಋತ್ಯ ಮೂಲೆಯಲ್ಲಿ ಷಿಕಾಗೊ ಇದೆ. ಸರೋವರದ ಉದ್ದ ಉತ್ತರದಿಂದ ದಕ್ಷಿಣಕ್ಕೆ ಸುಮಾರು 490 ಕಿ.ಮೀ., ಅಗಲ ಹೆಚ್ಚೆಂದರೆ 190 ಕಿ.ಮೀ. ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕೆ ತುಸು ಕಡಿಮೆ. ಅತಿ ಆಳದ ಕಡೆ 281 ಮೀಟರ್ ನೀರಿದೆ. ಕೆರೆಯ ಶಾಂತ ನೀರನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ಸಮುದ್ರದಂಥ ಅಲೆಗಳು ಎದುರಾಗುತ್ತವೆ.

ಗಾಳಿ ಮತ್ತು ದಡದ ಕೋನ

ದಡದ ರೇಖೆಗೂ ಗಾಳಿಯ ದಿಕ್ಕಿಗೂ ನಡುವಿನ ಕೋನವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ದಡದ ಗುಂಟ ಬೀಸುವ ಅಡ್ಡಗಾಳಿ ಎಲ್ಲಕ್ಕಿಂತ ಅನುಕೂಲ. ಹಾಯಿ ಗಾಳಿಗೆ ಅಡ್ಡಲಾಗಿ ಸಾಗುವಾಗ ಸುಲಭವಾಗಿ ವೇಗ ಪಡೆಯುತ್ತದೆ. ಅಂಥ ಗಾಳಿಯಲ್ಲಿ ನೇರವಾಗಿ ಒಳಕ್ಕೆ ಹೋಗಿ, ತಿರುಗಿ, ನೇರವಾಗಿ ದಡಕ್ಕೆ ಬರಬಹುದು. ಅಡ್ಡಗಾಳಿ ಸ್ವಲ್ಪ ದಡದ ಕಡೆಗೆ ವಾಲಿದ್ದರೆ ಇನ್ನೂ ಕ್ಷೇಮ. ಬಿದ್ದರೂ, ಸಲಕರಣೆ ಮುರಿದರೂ ಗಾಳಿ ನಿಧಾನವಾಗಿ ದಡಕ್ಕೇ ತಂದು ಸೇರಿಸುತ್ತದೆ.

ನೀರಿನಿಂದ ನೇರವಾಗಿ ದಡಕ್ಕೆ ಹೊಡೆಯುವ ಗಾಳಿಯಲ್ಲಿ ಅಪಾಯ ಕಡಿಮೆ, ಕಷ್ಟ ಹೆಚ್ಚು. ಒಡೆಯುವ ಅಲೆಗಳನ್ನು ದಾಟಿ ಹೊರಡುವುದೇ ಸಾಹಸ. ನೆಲದಿಂದ ನೀರಿನ ಕಡೆಗೆ ಬೀಸುವ ಗಾಳಿ ಇದಕ್ಕೆ ತದ್ವಿರುದ್ಧ. ದಡದ ಹತ್ತಿರ ನೀರು ಕನ್ನಡಿಯಂತೆ ಸಮವಾಗಿ ಕಾಣುತ್ತದೆ, ಹೊರಡುವುದು ಸುಲಭ. ದಡದಿಂದ ದೂರ ಸರಿದಷ್ಟೂ ಗಾಳಿ ಜೋರಾಗುತ್ತ, ಅಲೆ ಬೆಳೆಯುತ್ತ ಹೋಗುತ್ತದೆ. ಆಗ ಕಂಬ ಮುರಿದರೆ ಅಥವಾ ಕೈ ಸೋತರೆ ಮುಂದಿನ ದಡ ಹತ್ತಾರು ಕಿ.ಮೀ. ಆಚೆ. ರಕ್ಷಣೆಗೆ ದೋಣಿ ಇಲ್ಲದ ದಿನ ಈ ಗಾಳಿಯಲ್ಲಿ ದೊಡ್ಡ ಸರೋವರಕ್ಕೆ ಇಳಿಯಬಾರದು.

ಷಿಕಾಗೊದ ದಡ ಸ್ಥೂಲವಾಗಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಾದಿದ್ದು, ಪೂರ್ವಕ್ಕೆ ಮುಖ ಮಾಡಿದೆ. ಉತ್ತರದ ಗಾಳಿ ಇಲ್ಲಿ ಅಡ್ಡಗಾಳಿ, ತುಸು ದಡದ ಕಡೆಗೆ ವಾಲಿದ್ದು. ಈಶಾನ್ಯ ಮತ್ತು ಪೂರ್ವದ ಗಾಳಿ ದಡಕ್ಕೆ ಹೊಡೆಯುತ್ತದೆ. ಆಗ್ನೇಯದ್ದು ಮತ್ತೆ ಅನುಕೂಲದ ಅಡ್ಡಗಾಳಿ. ನೇರ ದಕ್ಷಿಣದ ಗಾಳಿ ಅಡ್ಡವಾಗಿದ್ದರೂ ಸ್ವಲ್ಪ ಹೊರಕ್ಕೆ ತಳ್ಳುತ್ತದೆ. ನೈಋತ್ಯ, ಪಶ್ಚಿಮ, ವಾಯವ್ಯದ ಗಾಳಿಗಳು ನೆಲದಿಂದ ನೀರಿಗೆ ಹೋಗುವಂಥವು. ಅಮೆರಿಕದ ಈ ಭಾಗದಲ್ಲಿ ಹೆಚ್ಚಾಗಿ ಬೀಸುವುದು ಪಶ್ಚಿಮ ಮತ್ತು ನೈಋತ್ಯದ ಗಾಳಿಯೇ. ಗಾಳಿಯ ನಗರವೆಂದು ಹೆಸರಾದ ಷಿಕಾಗೊದಲ್ಲಿ ಜೋರು ಗಾಳಿಯಿದ್ದೂ ಎಷ್ಟೋ ದಿನ ನಗರದ ದಡದಲ್ಲಿ ಆಡಲಾಗದಿರುವುದಕ್ಕೆ ಇದೇ ಕಾರಣ.

ಗಾಳಿ ನೀರಿನ ಮೇಲೆ ಸಾಗಿಬಂದ ದೂರ

ಅಲೆಯ ಎತ್ತರ ಗಾಳಿಯ ವೇಗ, ಅದು ಬೀಸಿದ ಅವಧಿ, ತೆರೆದ ನೀರಿನ ಮೇಲೆ ಅದು ಸಾಗಿಬಂದ ದೂರ ಈ ಮೂರನ್ನು ಅವಲಂಬಿಸಿದೆ. ಉತ್ತರದ ಗಾಳಿ ಷಿಕಾಗೊ ತಲುಪುವ ಮೊದಲು ಸರೋವರದ ಬಹುತೇಕ ಉದ್ದವನ್ನು ಹಾದುಬರುತ್ತದೆ. 25 ನಾಟ್ ವೇಗದ ಉತ್ತರದ ಗಾಳಿ ಇಡೀ ದಿನ ಬೀಸಿದರೆ ದಕ್ಷಿಣದ ತುದಿಯಲ್ಲಿ 2ರಿಂದ 3 ಮೀಟರ್ ಎತ್ತರದ ಅಲೆಗಳು ಏಳುತ್ತವೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಅಷ್ಟೇ ವೇಗದ ಆಗ್ನೇಯದ ಗಾಳಿಗೆ ಸಿಗುವ ದೂರ ಬಹಳ ಕಡಿಮೆ, ಹಾಗಾಗಿ ಅಲೆಯೂ ಚಿಕ್ಕದು.

ಸರೋವರದ ಅಲೆಗೆ ಇನ್ನೊಂದು ಗುಣವಿದೆ. ಸಾಗರದಲ್ಲಿ ದೂರದಿಂದ ಬಂದ ಅಲೆಗಳ ನಡುವೆ ಹತ್ತು ಸೆಕೆಂಡಿಗೂ ಮಿಕ್ಕಿದ ಬಿಡುವಿರುತ್ತದೆ. ಇಲ್ಲಿ ಅದು ಸಾಮಾನ್ಯವಾಗಿ 4ರಿಂದ 7 ಸೆಕೆಂಡು ಮಾತ್ರ. ಬಿದ್ದವನು ಹಾಯಿ ಎತ್ತುವಷ್ಟರಲ್ಲಿ ಮುಂದಿನ ಅಲೆ ಬಂದೇ ಬಿಡುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಕಡಲಿನ ಪರಿಚಯ ಮಾಡಿಕೊಂಡವರಿಗೂ ಈ ಒತ್ತೊತ್ತಾದ ಅಲೆಗಳು ರೂಢಿಯಾಗಲು ಸಮಯ ಬೇಕು.

ಕಟ್ಟಡಗಳ ಮರೆ

ಗಾಳಿಯ ವೇಗದಷ್ಟೇ ಅದರ ಸಮತೆಯೂ ಮುಖ್ಯ. ಹಾಯಿಯ ಮೇಲಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 10 ನಾಟ್ ಇದ್ದ ಗಾಳಿ 20ಕ್ಕೆ ಏರಿದರೆ ಬಲ ನಾಲ್ಕು ಪಟ್ಟಾಗುತ್ತದೆ. ಗಾಳಿ ಗಳಿಗೆಗೊಮ್ಮೆ ಏರಿಳಿದರೆ ಯಾವ ಅಳತೆಯ ಹಾಯಿಯೂ ಹೊಂದದು. ಎತ್ತರದ ಕಟ್ಟಡ, ಮರಗಳ ಸಾಲು, ದಿಬ್ಬಗಳ ಹಿಂದೆ ಗಾಳಿ ಸುಳಿಸುಳಿಯಾಗುತ್ತದೆ. ಆ ಸುಳಿ ಅಡ್ಡಿಯ ಎತ್ತರದ ಹಲವು ಪಟ್ಟು ದೂರದವರೆಗೆ ಚಾಚುತ್ತದೆ. ಓಕ್ ಸ್ಟ್ರೀಟ್, ನಾರ್ತ್ ಅವೆನ್ಯೂ ಬೀಚ್‌ಗಳ ಬೆನ್ನಿಗೆ ಗಗನಚುಂಬಿ ಕಟ್ಟಡಗಳಿವೆ. ಬೇಸಿಗೆಯಲ್ಲಿ ಈಜುವವರ ದಟ್ಟಣೆಯೂ ಅಲ್ಲಿ ಹೆಚ್ಚು. ಪಟ್ಟಣದ ನಡುವೆಯೇ ಇರುವ ಆ ದಡಗಳು ನೋಟಕ್ಕೆ ಚೆಂದ, ವಿಂಡ್‌ಸರ್ಫಿಂಗ್‌ಗೆ ಒಗ್ಗವು.

ಋತು ಮತ್ತು ಹೊತ್ತು

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಈ ಆಟಕ್ಕೂ ಸಲ್ಲುತ್ತದೆ. ಗಾಳಿ ಯಾವಾಗ ಬರುತ್ತದೆಂದು ಬಲ್ಲವರಿಗೆ ತೂರುವುದು ಸುಲಭ. ವಸಂತದ ಕೊನೆಯಿಂದ ಬೇಸಿಗೆಯವರೆಗೆ ಷಿಕಾಗೊದಲ್ಲಿ ಸರೋವರದ ತಂಗಾಳಿ ಏಳುತ್ತದೆ. ನಮ್ಮ ಕರಾವಳಿಯ ಕಡಲಗಾಳಿಯ ನಿಯಮವೇ ಇದಕ್ಕೂ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರುತ್ತದೆ, ತಣ್ಣನೆಯ ನೀರಿನ ಮೇಲಿನ ಭಾರದ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಮಧ್ಯಾಹ್ನದ ಸುಮಾರಿಗೆ ಪೂರ್ವ ಅಥವಾ ಈಶಾನ್ಯದಿಂದ ಶುರುವಾಗಿ, ಸಂಜೆ ಹೊತ್ತಿಗೆ ಆಗ್ನೇಯದ ಕಡೆಗೆ ತಿರುಗುತ್ತದೆ. ವೇಗ ಹೆಚ್ಚಾಗಿ 8ರಿಂದ 15 ನಾಟ್. ದೊಡ್ಡ ಹಲಗೆ, ದೊಡ್ಡ ಹಾಯಿ ಇದ್ದವರಿಗೆ, ಕಲಿಯುವವರಿಗೆ ಇದು ಹದವಾದ ಗಾಳಿ. ನೈಋತ್ಯದಿಂದ ಬಲವಾದ ಗಾಳಿ ಬೀಸುವ ದಿನ ಈ ತಂಗಾಳಿ ತಲೆ ಎತ್ತುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣದಿಂದ ಬರುವ ಬೆಚ್ಚನೆಯ ಗಾಳಿ ಹೊಸಬರನ್ನು ಆಗಾಗ ನಿರಾಶೆಗೊಳಿಸುತ್ತದೆ. ಮುನ್ಸೂಚನೆ 20 ನಾಟ್ ಎನ್ನುತ್ತದೆ, ಊರೊಳಗಿನ ಮರಗಳು ತೂಗುತ್ತಿರುತ್ತವೆ, ನೀರಿನ ಮೇಲೆ ಮಾತ್ರ ಕಸುವಿಲ್ಲ. ಹಿಮ ಕರಗಿದ ತಣ್ಣೀರಿಗೆ ತಾಗಿದ ಗಾಳಿಯ ಪದರ ತಂಪಾಗಿ, ಭಾರವಾಗಿ ನೀರಿಗೇ ಅಂಟಿಕೊಳ್ಳುತ್ತದೆ. ಮೇಲಿನ ಬಿಸಿಗಾಳಿ ಆ ಪದರದ ಮೇಲೆ ಜಾರಿ ಹೋಗುತ್ತದೆ.

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಪರಿಸ್ಥಿತಿ ತಿರುವುಮುರುವು. ಬೇಸಿಗೆಯ ಬಿಸಿಲನ್ನು ಹೀರಿದ ನೀರು ಇನ್ನೂ ಬೆಚ್ಚಗಿರುತ್ತದೆ. ಉತ್ತರದಿಂದ ಇಳಿಯುವ ತಣ್ಣನೆಯ ಗಾಳಿ ಕೆಳಗಿನಿಂದ ಕಾದು ಕಲಕಿ, ಮೇಲಿನ ವೇಗವನ್ನು ನೀರಿನ ಮಟ್ಟಕ್ಕೆ ಎಳೆದು ತರುತ್ತದೆ. ಒತ್ತಡ ಕುಸಿತಗಳು ಒಂದರ ಹಿಂದೆ ಒಂದು ಹಾದುಹೋಗುವ ಈ ತಿಂಗಳುಗಳೇ ಅನುಭವಸ್ಥರ ಸುಗ್ಗಿಕಾಲ. ನವೆಂಬರಿನ ಬಿರುಗಾಳಿಗಳಾದರೋ ಸರಕು ಹಡಗುಗಳನ್ನೇ ಮುಳುಗಿಸಿದಂಥವು. 1940ರ ನವೆಂಬರ್ 11ರ ಬಿರುಗಾಳಿಗೆ ಮಿಷಿಗನ್ ಸರೋವರದಲ್ಲಿ ಮೂರು ದೊಡ್ಡ ಹಡಗುಗಳು ನಾಶವಾದವು. ಜನವರಿ, ಫೆಬ್ರುವರಿಯಲ್ಲಿ ದಡದುದ್ದಕ್ಕೂ ಮಂಜುಗಡ್ಡೆ ಕಟ್ಟುತ್ತದೆ. ಅದರೊಳಗೆ ಪೊಳ್ಳುಗಳಿರುವುದರಿಂದ ಅದರ ಮೇಲೆ ನಡೆಯುವುದೇ ಅಪಾಯ.

ಗಾಳಿಯನ್ನು ಓದುವ ಸಾಧನಗಳು

ಮೊಬೈಲ್‌ನಲ್ಲಿ ಕಾಣುವ ಷಿಕಾಗೊದ ಹವಾಮಾನ ಹೆಚ್ಚಾಗಿ ವಿಮಾನ ನಿಲ್ದಾಣದ ಅಳತೆ. ಓಹೇರ್ ನಿಲ್ದಾಣ ದಡದಿಂದ ಸುಮಾರು 20 ಕಿ.ಮೀ. ಒಳನಾಡಿನಲ್ಲಿದೆ. ಅಲ್ಲಿ ಪಶ್ಚಿಮದ ಗಾಳಿ ಇರುವಾಗಲೇ ದಡದಲ್ಲಿ ಪೂರ್ವದ ತಂಗಾಳಿ ಬೀಸುತ್ತಿರಬಹುದು. ನೀರಿನ ಮೇಲಿನ ಅಳತೆಯನ್ನೇ ನಂಬಬೇಕು. ನಗರದ ಕುಡಿಯುವ ನೀರಿಗಾಗಿ ಸರೋವರದೊಳಗೆ ಕಟ್ಟಿದ ಹ್ಯಾರಿಸನ್-ಡೆವರ್ ಕ್ರಿಬ್ ಎಂಬ ಕಟ್ಟಡದ ಮೇಲೆ ಹವಾಮಾನ ಕೇಂದ್ರವಿದೆ. ಅದರ ಮಾಪಕ ನೀರಿನಿಂದ ಬಹಳ ಎತ್ತರದಲ್ಲಿರುವ ಕಾರಣ ಹಾಯಿಯ ಮಟ್ಟದಲ್ಲಿ ಗಾಳಿ ಅದಕ್ಕಿಂತ ಕಡಿಮೆ ಎಂದು ಎಣಿಸಬೇಕು. ನಗರದ ಉತ್ತರಕ್ಕಿರುವ ವಿಲ್ಮೆಟ್ ಮತ್ತು ಇಂಡಿಯಾನಾ ರಾಜ್ಯದ ಮಿಷಿಗನ್ ಸಿಟಿಯ ಬಳಿ ತೇಲುವ ಬೋಯೆಗಳು ಗಾಳಿ, ಅಲೆ, ನೀರಿನ ಉಷ್ಣತೆ ಮೂರನ್ನೂ ತಿಳಿಸುತ್ತವೆ. ಸರೋವರದ ದಕ್ಷಿಣಾರ್ಧದ ನಡುವೆ 45007 ಸಂಖ್ಯೆಯ ಬೋಯೆ ಇದೆ. ಮಂಜುಗಡ್ಡೆಗೆ ಸಿಕ್ಕದಿರಲೆಂದು ಚಳಿಗಾಲಕ್ಕೆ ಮುಂಚೆ ಬೋಯೆಗಳನ್ನು ಎತ್ತಿಡುತ್ತಾರೆ.

ಮುನ್ಸೂಚನೆಗೆ ರಾಷ್ಟ್ರೀಯ ಹವಾಮಾನ ಸೇವೆಯ ದಡದ ಸಮೀಪದ ನೀರಿನ ವರದಿ ಒಳ್ಳೆಯ ಆಧಾರ. ಹಲವು ದಿನ ಮುಂಚಿನ ಅಂದಾಜಿಗೆ ಇಡೀ ಜಗತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಿಎಫ್‌ಎಸ್ ಮಾದರಿ, ಅದೇ ದಿನದ ನಿರ್ಧಾರಕ್ಕೆ 3 ಕಿ.ಮೀ. ಚೌಕಗಳಲ್ಲಿ ಗಂಟೆಗೊಮ್ಮೆ ಹೊಸದಾಗುವ ಎಚ್‌ಆರ್‌ಆರ್‌ಆರ್ ಮಾದರಿ ನೆರವಾಗುತ್ತವೆ. ಕಣ್ಣಳತೆಯೂ ಬೇಕು. ನೀರಿನ ಮೇಲೆ ಬಿಳಿ ನೊರೆಯ ತಲೆಗಳು ಅಲ್ಲಲ್ಲಿ ಕಾಣತೊಡಗಿದರೆ ಗಾಳಿ 11-12 ನಾಟ್ ಮುಟ್ಟಿದೆ ಎಂದರ್ಥ. ಎಲ್ಲೆಡೆ ತುಂಬಿದ್ದರೆ 17 ದಾಟಿದೆ.

ದಿಕ್ಕಿಗೊಂದು ದಡ

ಉತ್ತರ, ಈಶಾನ್ಯ, ಪೂರ್ವದ ಗಾಳಿಗೆ ನಗರದ ಉತ್ತರ ಭಾಗದ ಮಾಂಟ್ರೋಸ್ ಬೀಚ್ ಹೆಸರಾಂತ ಜಾಗ. ವಿಶಾಲವಾದ ಮರಳು, ಹಾಯಿ ಕಟ್ಟಲು ಬಯಲು, ಹತ್ತಿರದಲ್ಲೇ ವಾಹನ ನಿಲುಗಡೆ ಇವೆ. ಗಾಳಿಪಟಕ್ಕೆ ಕಟ್ಟಿಕೊಂಡು ಸಾಗುವ ಕೈಟ್‌ಬೋರ್ಡಿಂಗ್‌ನವರೂ ಇಲ್ಲಿಂದಲೇ ಹೊರಡುತ್ತಾರೆ. ಬೀಚಿನ ದಕ್ಷಿಣಕ್ಕೆ ಕೊಕ್ಕೆಯಂತೆ ಬಾಗಿದ ಕಾಂಕ್ರೀಟ್ ಕಟ್ಟೆಯಿದೆ. ದಕ್ಷಿಣದಿಂದ ಬರುವ ಅಲೆಯನ್ನು ಅದು ತಡೆಯುತ್ತದೆ. ಉತ್ತರದ ಗಾಳಿಯಲ್ಲಿ ಸವಾರರು ಅದೇ ಕಟ್ಟೆಯ ಕಡೆಗೆ ತೇಲಿಹೋಗುವ ಕಾರಣ ಅದರಿಂದ ಸಾಕಷ್ಟು ದೂರ ಉಳಿಯಬೇಕು. ನಗರದ ದಕ್ಷಿಣದಲ್ಲಿ 63ನೇ ಸ್ಟ್ರೀಟ್ ಬೀಚ್ ಮತ್ತು ರೇನ್‌ಬೋ ಬೀಚ್ ಇವೆ. ಅಲ್ಲಿ ದಡ ಆಗ್ನೇಯಕ್ಕೆ ಹೆಚ್ಚು ಹೊರಳುವುದರಿಂದ ಉತ್ತರದ ಗಾಳಿ ದಡಕ್ಕೆ ಇನ್ನಷ್ಟು ನೇರವಾಗಿ ತಾಗುತ್ತದೆ.

ನಗರದ ಉತ್ತರಕ್ಕೆ ವಿಲ್ಮೆಟ್ ಊರಿನ ಗಿಲ್ಸನ್ ಪಾರ್ಕ್‌ನಲ್ಲಿ ಹಾಯಿದೋಣಿಗಳಿಗೆಂದೇ ಮೀಸಲಾದ ದಡವಿದೆ. ಸರೋವರದ ತಂಗಾಳಿಯ ದಿನಗಳಿಗೆ ಅದು ಹೊಂದುತ್ತದೆ.

ಉತ್ತರದ ಗಾಳಿ ಬಲವಾದ ದಿನ ಅಲೆಯ ರುಚಿ ಬೇಕಾದವರು ಇಂಡಿಯಾನಾದ ಕಡೆಗೆ ಹೋಗುತ್ತಾರೆ. ವೈಟಿಂಗ್ ಊರಿನ ವಿಹಾಲಾ ಬೀಚ್ ನಗರದ ಗಡಿಗೆ ಹತ್ತಿರ. ಇನ್ನೂ ಮುಂದೆ, 2019ರಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನ ಪಡೆದ ಇಂಡಿಯಾನಾ ಡ್ಯೂನ್ಸ್ ಮತ್ತು ಮಿಷಿಗನ್ ಸಿಟಿಯ ದಡಗಳಿವೆ. ಸರೋವರದ ಉದ್ದಕ್ಕೂ ಬೆಳೆದುಬಂದ ಅಲೆಗಳು ಕೊನೆಗೆ ಒಡೆಯುವುದು ಈ ದಕ್ಷಿಣ ತುದಿಯಲ್ಲಿ. ಪಳಗಿದವರಿಗೆ ಮಾತ್ರ ಇದು ಸರಿ.

ಪಶ್ಚಿಮ ಮತ್ತು ನೈಋತ್ಯದ ಗಾಳಿ ಬೀಸುವಾಗ ಷಿಕಾಗೊದವರು ಸರೋವರವನ್ನು ಸುತ್ತಿಕೊಂಡು ಎದುರು ದಡಕ್ಕೆ, ಮಿಷಿಗನ್ ರಾಜ್ಯಕ್ಕೆ ಹೋಗಬೇಕು. ನ್ಯೂ ಬಫಲೊ, ಸೇಂಟ್ ಜೋಸೆಫ್ ಊರುಗಳ ದಡ ವಾಯವ್ಯ-ಪಶ್ಚಿಮಕ್ಕೆ ಮುಖ ಮಾಡಿದೆ. ಷಿಕಾಗೊದಲ್ಲಿ ಸವಾರನನ್ನು ದೂರ ತಳ್ಳುವ ಅದೇ ಗಾಳಿ ಅಲ್ಲಿ ಅಡ್ಡಲಾಗಿಯೋ ದಡದ ಕಡೆಗೋ ಬೀಸುತ್ತದೆ. ಷಿಕಾಗೊದಿಂದ ಸೇಂಟ್ ಜೋಸೆಫ್‌ಗೆ ರಸ್ತೆಯಲ್ಲಿ ಸುಮಾರು 150 ಕಿ.ಮೀ. ದೂರ. ಒಳ್ಳೆಯ ಗಾಳಿಯ ದಿನ ಈ ಪ್ರಯಾಣ ಸಾರ್ಥಕ.

ಅಷ್ಟು ದೂರ ಹೋಗಲಾಗದವರಿಗೆ, ಹೊಸದಾಗಿ ಕಲಿಯುವವರಿಗೆ ಇಲಿನಾಯ್-ಇಂಡಿಯಾನಾ ಗಡಿಯ ಮೇಲೆ ವುಲ್ಫ್ ಲೇಕ್ ಎಂಬ ಪುಟ್ಟ ಸರೋವರವಿದೆ. ಆಳ ಕಡಿಮೆ, ಅಲೆ ಚಿಕ್ಕದು, ನೀರು ದೊಡ್ಡ ಸರೋವರಕ್ಕಿಂತ ಬೇಗ ಬೆಚ್ಚಗಾಗುತ್ತದೆ. ಯಾವ ದಿಕ್ಕಿನ ಗಾಳಿಗೂ ಎದುರಿನ ದಡ ಕಣ್ಣೆದುರೇ ಇರುತ್ತದೆ. 6ರಿಂದ 12 ನಾಟ್ ಗಾಳಿಯಲ್ಲಿ, 150 ಲೀಟರಿಗೂ ಹೆಚ್ಚು ತೇಲುಬಲದ ಹಲಗೆಯಲ್ಲಿ ಮೊದಲ ಪಾಠ ಕಲಿಯಲು ಇಂಥ ನೀರೇ ಸರಿ. ಬೇಸಿಗೆಯಲ್ಲಿ ಜೊಂಡು ಬೆಳೆದು ಹಲಗೆಯ ಕೆಳಗಿನ ಫಿನ್‌ಗೆ ಸುತ್ತಿಕೊಂಡರೆ ಹಿಂದಕ್ಕೆ ವಾಲಿದ, ಜೊಂಡು ಜಾರಿಸುವ ಫಿನ್ ಹಾಕಿಕೊಳ್ಳುವುದು ರೂಢಿ.

ದಡಕ್ಕೆ ಇಳಿಯುವ ಅವಕಾಶ

ಷಿಕಾಗೊದ ದಡದ ಬಹುಭಾಗ ಸಾರ್ವಜನಿಕ ಉದ್ಯಾನವಾಗಿ ಉಳಿದಿರುವುದು ಹೊಸಬರ ಭಾಗ್ಯ. ಇದು ತಾನಾಗಿ ಒದಗಿದ್ದಲ್ಲ. ವ್ಯಾಪಾರಿ ಮಾಂಟ್ಗೊಮರಿ ವಾರ್ಡ್ ನಗರದ ಮಧ್ಯಭಾಗದ ದಡದಲ್ಲಿ ಕಟ್ಟಡಗಳು ಏಳದಂತೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದರು. 1909ರಲ್ಲಿ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ ರೂಪಿಸಿದ ನಗರ ಯೋಜನೆ ಸರೋವರದ ದಡ ಜನರಿಗೇ ಸೇರಬೇಕೆಂದು ಸಾರಿತು. ಇಂದು ಸುಮಾರು 29 ಕಿ.ಮೀ. ಉದ್ದದ ಕಾಲುದಾರಿ ದಡದುದ್ದಕ್ಕೂ ಸಾಗುತ್ತದೆ. ಹೊಸಬರು ಸೈಕಲ್ ಹತ್ತಿ ಈ ದಾರಿಯಲ್ಲಿ ಒಮ್ಮೆ ಸಾಗಿದರೆ ನಗರದ ದಡದ ಬಹುಭಾಗದ ಪರಿಚಯವಾಗುತ್ತದೆ.

ನಡೆದಾಡಲು ತೆರೆದಿರುವ ಎಲ್ಲ ಕಡೆ ಹಾಯಿ ಹಿಡಿದು ಇಳಿಯಲಾಗದು. ದಡದ ಬಹಳಷ್ಟು ಭಾಗಕ್ಕೆ ಮೆಟ್ಟಿಲಾಕಾರದ ಕಾಂಕ್ರೀಟ್ ತಡೆಗೋಡೆ ಕಟ್ಟಿದ್ದಾರೆ. ಅಲ್ಲಿ ಇಳಿಯುವುದು ಕಷ್ಟ, ಅಲೆಯಿರುವಾಗ ಮೇಲೆ ಹತ್ತುವುದು ಇನ್ನೂ ಕಷ್ಟ. ಗಾಳಿ ಕೆಟ್ಟರೆ ತೇಲಿಹೋಗಿ ಸೇರುವ ಕಡೆಯಲ್ಲಿ ಮರಳಿದೆಯೇ, ಗೋಡೆಯಿದೆಯೇ ಎಂಬುದನ್ನು ಮುಂಚೆಯೇ ನೋಡಿಕೊಳ್ಳಬೇಕು. ಮೇ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗಿನ ಈಜುವ ಋತುವಿನಲ್ಲಿ ಜೀವರಕ್ಷಕರಿರುವ ಭಾಗವನ್ನು ಈಜುವವರಿಗೇ ಬಿಟ್ಟುಕೊಡಬೇಕು. ಮಾಂಟ್ರೋಸ್‌ನಲ್ಲಿ ಇನ್ನೊಂದು ಎಚ್ಚರವೂ ಬೇಕು. ಅಳಿವಿನಂಚಿನ ಪೈಪಿಂಗ್ ಪ್ಲೋವರ್ ಹಕ್ಕಿಗಳು 2019ರಲ್ಲಿ ಇಲ್ಲಿ ಗೂಡು ಕಟ್ಟಿದವು. ಅವುಗಳಿಗಾಗಿ ಬೇರ್ಪಡಿಸಿದ ಮರಳಿನೊಳಗೆ ಕಾಲಿಡಬಾರದು.

ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2013ರ ಜನವರಿಯಲ್ಲಿ ದಾಖಲೆಯ ಕೆಳಮಟ್ಟಕ್ಕೆ ಇಳಿದಿದ್ದ ಸರೋವರ 2020ರಲ್ಲಿ ಅದಕ್ಕಿಂತ ಸುಮಾರು 2 ಮೀಟರ್‌ನಷ್ಟು ಮೇಲೇರಿ ಹಲವು ಬೀಚ್‌ಗಳನ್ನು ನುಂಗಿತ್ತು. ಹಳೆಯ ವರ್ಣನೆಯಲ್ಲಿ ಅಗಲವಾಗಿದ್ದ ಮರಳು ಈ ವರ್ಷವೂ ಇದೆಯೇ ಎಂದು ಕಣ್ಣಾರೆ ಕಂಡೇ ನಂಬಬೇಕು. ನೀರಡಿಯ ಕಲ್ಲುಗಳಿಗೆ ಅಂಟಿದ ಜೀಬ್ರಾ ಮತ್ತು ಕ್ವಾಗಾ ಚಿಪ್ಪುಗಳು ಅಂಗಾಲನ್ನು ಕೊಯ್ಯುವುದರಿಂದ ರಬ್ಬರ್ ಬೂಟು ಬೇಕೇಬೇಕು.

ತಣ್ಣೀರು, ಸೆಳೆತ, ಏರುನೀರು

ಈ ಸರೋವರದಲ್ಲಿ ಗಾಳಿಗಿಂತ ತಣ್ಣೀರು ಹೆಚ್ಚು ಅಪಾಯಕಾರಿ. ಏಪ್ರಿಲಿನಲ್ಲಿ ಹೊರಗೆ 20 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೂ ನೀರು 4ರಿಂದ 8 ಡಿಗ್ರಿಯಲ್ಲಿರುತ್ತದೆ. ಬೇಸಿಗೆಯಲ್ಲಿ 20 ಡಿಗ್ರಿ ದಾಟುವ ನೀರೂ ದಕ್ಷಿಣ ಅಥವಾ ಪಶ್ಚಿಮದ ಗಾಳಿ ಕೆಲವು ದಿನ ಬೀಸಿದರೆ ಇದ್ದಕ್ಕಿದ್ದಂತೆ ತಣಿಯುತ್ತದೆ. ಮೇಲಿನ ಬೆಚ್ಚನೆಯ ನೀರು ದೂರ ಸರಿದು ಆಳದ ತಣ್ಣೀರು ದಡದ ಹತ್ತಿರ ಮೇಲೇರುವುದು ಇದಕ್ಕೆ ಕಾರಣ. ಅತಿ ತಣ್ಣೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತರಲು ಸುಮಾರು 1 ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು ಸುಮಾರು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ ಎಂಬುದು ಈ ಕ್ಷೇತ್ರದ ತಜ್ಞರು ಕಲಿಸುವ ಲೆಕ್ಕ. ಹೊರಗಿನ ಬಿಸಿಲು ಎಷ್ಟೇ ಇರಲಿ, ನೀರಿನ ಉಷ್ಣತೆಗೆ ತಕ್ಕ ವೆಟ್‌ಸೂಟ್ ಮತ್ತು ಲೈಫ್ ಜಾಕೆಟ್ ಧರಿಸಬೇಕು.

ಕಟ್ಟೆಗಳ ಪಕ್ಕದ ಸೆಳೆತ ಎರಡನೆಯ ಅಪಾಯ. ದಡದುದ್ದಕ್ಕೆ ಹರಿದುಬಂದ ನೀರು ಕಟ್ಟೆಗೆ ಬಡಿದು ಅದರ ಗುಂಟ ಆಳಕ್ಕೆ ತಿರುಗುತ್ತದೆ. ಗುಡುಗುಮಳೆಯ ಸಾಲುಗಳು ಹಾದುಹೋದ ಮೇಲೆ ಸರೋವರದ ನೀರು ಒಂದೆಡೆಯಿಂದ ಇನ್ನೊಂದೆಡೆಗೆ ತೂಗಿ ಹಠಾತ್ತನೆ ಏರುವುದೂ ಉಂಟು. 1954ರ ಜೂನ್ 26ರಂದು ಹೀಗೆ ಎದ್ದ ಸುಮಾರು 3 ಮೀಟರ್ ಎತ್ತರದ ನೀರು ಮಾಂಟ್ರೋಸ್ ಬಳಿ ಮೀನು ಹಿಡಿಯುತ್ತಿದ್ದವರನ್ನು ಕೊಚ್ಚಿಕೊಂಡು ಹೋಯಿತು. ಷಿಕಾಗೊದ ದಡದಲ್ಲಿ ಅಂದು 8 ಜನ ಸತ್ತರು. ಪಶ್ಚಿಮದ ಆಕಾಶ ಕಪ್ಪಾಗತೊಡಗಿದರೆ ಗುಡುಗು ಕೇಳಿಸುವ ಮುಂಚೆಯೇ ದಡ ಸೇರಬೇಕು.

ಮೊದಲ ವಾರಗಳಲ್ಲಿ

ಹೊಸ ದಡಕ್ಕೆ ಮೊದಲ ಸಲ ಬರಿಗೈಯಲ್ಲಿ ಹೋಗುವುದು ಜಾಣತನ. ಒಳ್ಳೆಯ ಗಾಳಿಯ ದಿನ ಯಾರು ಎಲ್ಲಿಂದ ಹೊರಡುತ್ತಾರೆ, ಎಷ್ಟು ದೊಡ್ಡ ಹಾಯಿ ಕಟ್ಟಿದ್ದಾರೆ, ಯಾವ ಕಡೆ ಕಾಲಿಡದೆ ಬಿಡುತ್ತಾರೆ ಎಂದು ನೋಡಿದರೆ ಬಹಳ ತಿಳಿಯುತ್ತದೆ. ಹಾಯಿ ಬಿಚ್ಚುತ್ತಿರುವವರನ್ನು ಮಾತಾಡಿಸಿದರೆ ಕಲ್ಲು, ದಿಣ್ಣೆ, ಸೆಳೆತದ ಜಾಗಗಳನ್ನು ಅವರೇ ತೋರಿಸುತ್ತಾರೆ. ಎರಡನೆಯ ಸಲ ಹದವಾದ ಗಾಳಿಯಲ್ಲಿ, ಇತರರು ಇರುವ ಹೊತ್ತಿನಲ್ಲಿ, ದಡಕ್ಕೆ ಸಮೀಪವೇ ಆಡಬೇಕು. ಎಲ್ಲಿಂದ ಹೊರಟಿದ್ದೇವೆ, ಯಾವಾಗ ಮರಳುತ್ತೇವೆ ಎಂಬುದು ದಡದಲ್ಲಿರುವ ಒಬ್ಬರಿಗಾದರೂ ಗೊತ್ತಿರಬೇಕು. ನೀರು ಹೋಗದ ಚೀಲದಲ್ಲಿ ಮೊಬೈಲ್ ಮತ್ತು ಒಂದು ಸೀಟಿ ಜೊತೆಗಿರಲಿ. ಗಾಳಿ ಪೂರ್ತಿ ನಿಂತರೆ ಹಾಯಿಯನ್ನು ಸುತ್ತಿ ಹಲಗೆಯ ಮೇಲಿಟ್ಟು, ಅದರ ಮೇಲೆ ಮಲಗಿ ಕೈಯಿಂದ ಹುಟ್ಟು ಹಾಕುತ್ತ ಬರುವುದನ್ನು ಆಳವಿಲ್ಲದ ನೀರಿನಲ್ಲಿ ಮೊದಲೇ ಅಭ್ಯಾಸ ಮಾಡಿರಬೇಕು. ಹಾಯಿ ಬಿಟ್ಟುಕೊಟ್ಟರೂ ಸರಿ, ಹಲಗೆಯನ್ನು ಬಿಡಬಾರದು. ಸವಾರನನ್ನು ಹೊತ್ತು ತೇಲುವುದು ಅದು, ದೂರದಿಂದ ಕಣ್ಣಿಗೆ ಬೀಳುವುದೂ ಅದೇ.

ಪ್ರತಿ ಸಲ ಆಡಿ ಬಂದ ಮೇಲೆ ದಿನಾಂಕ, ಬೋಯೆ ತೋರಿಸಿದ ಗಾಳಿಯ ವೇಗ ಮತ್ತು ದಿಕ್ಕು, ಆರಿಸಿದ ದಡ, ಕಟ್ಟಿದ ಹಾಯಿಯ ಅಳತೆ, ಅಲೆಯ ಸ್ಥಿತಿ ಇಷ್ಟನ್ನು ಬರೆದಿಟ್ಟರೆ ಒಂದು ವರ್ಷದೊಳಗೆ ಯಾವ ಗಾಳಿಗೆ ಯಾವ ದಡ ಎಂಬ ಸ್ವಂತ ಕೈಪಿಡಿ ಸಿದ್ಧವಾಗುತ್ತದೆ. ದಡದ ದಿಕ್ಕು, ಗಾಳಿ ನೀರಿನ ಮೇಲೆ ಸಾಗಿಬರುವ ದೂರ, ಬೆನ್ನಿಗಿರುವ ಅಡ್ಡಿ, ಇಳಿಯುವ ದಾರಿ, ನೀರಿನ ಉಷ್ಣತೆ ಈ ಐದನ್ನು ನೋಡುವ ಅಭ್ಯಾಸ ಬೆಳೆದವರು ಜಿನೀವಾದಲ್ಲಿರಲಿ, ಟೊರಾಂಟೊದಲ್ಲಿರಲಿ, ಹೊಸ ಸರೋವರದ ದಂಡೆಯಲ್ಲಿ ತಮಗೆ ಬೇಕಾದ ಜಾಗವನ್ನು ತಾವೇ ಕಂಡುಕೊಳ್ಳಬಲ್ಲರು.